ಬೀಗಿತ್ತಿ ಕೇಳಿದ ಕೊಡೆ

ಬಡಗಿ ಸೋಮಯ್ಯನಿಗೆ ಹಿರೋಡೆಯ ಬೀಗಿತ್ತಿ ಚೆಲುವಮ್ಮ ಹೇಳಿ ಕಳಿಸಿದ್ದು ಒಂದೇ ಮಾತು. "ಒಂದು ಹನಿ ಸೋರದಂಥ ಕೊಡೆ ತಂದ್ರೆ ಸೊಸೇನೂ ಮಗೂನೂ ಕಳಿಸ್ತೀನಿ. ಕಂಬಳಿ ಕೊಪ್ಪೆ ಹಾಕ್ಕಂಡು ಬಂದ್ರೆ ಅಂಗೇ ತಿರುಗಿ ಹೋಗ್ಲಿ."

ಮಾತು ಒರಟು. ಆದರೆ ಹಾಗೆ ಅನ್ನುವ ಹಕ್ಕು ಆಕೆಗೆ ಇತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಸೋಮಯ್ಯ ನಾಗಮಂಗಲದ ಸೀಮೆಯಿಂದ ಹೋಗಿ ಮಗಳು ಕಾಳಮ್ಮನನ್ನು ಕರೆತರಬೇಕಿತ್ತು. ಅವನು ಹೋಗಲಿಲ್ಲ, ತೊಟ್ಟಿಲು ಮಾಡುತ್ತಾ ಕೂತ. ಹಲಸಿನ ಮರದ ತೊಟ್ಟಿಲು, ನಾಲ್ಕು ಮೂಲೆಗೆ ನಾಲ್ಕು ಗಿಳಿ. ಮೂರು ಗಿಳಿ ಬೇಗ ಆದವು. ನಾಲ್ಕನೆಯದರ ಕೊಕ್ಕು ಮನಸ್ಸಿಗೆ ಬರಲಿಲ್ಲ. ಕೊಕ್ಕು ಮನಸ್ಸಿಗೆ ಬರುವ ಹೊತ್ತಿಗೆ ಹಿರೋಡೆಯಲ್ಲಿ ಮಗು ಹುಟ್ಟಿ, ಅತ್ತು, ಹಾಲು ಕುಡಿದು ಮಲಗಿತ್ತು.

ಆಮೇಲಿಂದ ತೊಟ್ಟಿಲು ಜಂತೆಗೆ ನೇತುಬಿದ್ದು ಬರಿದೇ ತೂಗುತ್ತಿತ್ತು. ಮಗು ಅಜ್ಜನ ಮನೆಯ ಹೊಸಿಲು ದಾಟುವುದು ಬೆಸ ತಿಂಗಳಲ್ಲಿ ಎಂಬುದು ಅವರ ಕಟ್ಟು. ಮೂರರಲ್ಲಿ ಬರಬೇಕು, ತಪ್ಪಿದರೆ ಐದು. ಮೂರು ಮುಗಿಯುವುದಕ್ಕೆ ಮೂರೇ ದಿನ ಉಳಿದಿತ್ತು. ಮೇಲೆ ಚಿತ್ತೆ ಮಳೆ. ಅದನ್ನು ಕುರುಡು ಚಿತ್ತೆ ಅನ್ನುತ್ತಾರೆ. ಎಲ್ಲಿ ಎರಚುತ್ತದೋ ಅದಕ್ಕೇ ಗೊತ್ತಿರುವುದಿಲ್ಲ.

ಹೆಂಡತಿ ವರಲಕ್ಷ್ಮಮ್ಮ ರೊಟ್ಟಿ ಗಂಟು ಕೈಗಿಟ್ಟು ಹೇಳಿದಳು: "ಈ ಸಲ ಗಿಳಿ ಕೆತ್ತಕ್ಕೆ ಕೂತ್ಕಬ್ಯಾಡಿ. ಕೊಡೆ ತಗಳಿ, ಮಗೀನ ಕರ್ಕಂಬನ್ನಿ. ಅಷ್ಟೇಯಾ."

ಅದು ಸುಲ್ತಾನರ ಕಾಲ. ಒಳ್ಳೆಯದು ಏನೇ ಬೇಕಿದ್ದರೂ ಜನ ಪಟ್ಟಣಕ್ಕೆ ಹೋಗುತ್ತಿದ್ದರು. ಸೋಮಯ್ಯನೂ ತಾನು ಕಡೆದ ಎರಡು ಮರಿಗೆಗಳನ್ನು ಬದಲಿಗೆ ಕೊಡಲೆಂದು ಹೆಗಲಿಗೆ ಹಾಕಿಕೊಂಡು ಶ್ರೀರಂಗಪಟ್ಟಣದ ಗಂಜಾಂ ಪೇಟೆಗೆ ಬಂದ. ಹಿಟ್ಟು ನಾದುವುದಕ್ಕೆ ಅಂಥ ಮರಿಗೆ ಸಿಕ್ಕಿದರೆ ಹೆಂಗಸರು ಬಿಡುತ್ತಿರಲಿಲ್ಲ.

ಕೊಡೆ ಕಟ್ಟುತ್ತಿದ್ದವಳು ಮೇದರ ಪಾರ್ವತಮ್ಮ. ಬಿದಿರಿನ ಕಡ್ಡಿ, ಮೇಲೆ ತಾಳೆಗರಿ, ನಡುವೆ ಒಂದು ಕೋಲು. ಮಡಿಸುವುದಕ್ಕೆ ಬಾರದು; ಒಮ್ಮೆ ಅರಳಿದ್ದು ಅರಳಿದಂತೆಯೇ. ಅಂಗಡಿ ಮುಂದೆ ಹತ್ತಾರು ಕೊಡೆ ಮಳೆಗಾಲದ ಅಣಬೆಗಳ ಹಾಗೆ ಕೂತಿದ್ದವು.

ಸೋಮಯ್ಯ ಗಾಡಿ ಗಾಲಿ ಮಾಡುವವನು. ಅವನ ಕಣ್ಣಿಗೆ ಕೊಡೆಯೂ ಕೋಲಿನ ಮೇಲೆ ಮಲಗಿದ ಗಾಲಿಯಂತೆಯೇ ಕಂಡಿತು. ಕಡ್ಡಿಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದ. ಕೋಲನ್ನು ತಟ್ಟಿ ಕಿವಿಗೊಟ್ಟು ಕೇಳಿದ. ಗೆಣ್ಣು ಎಣಿಸಿದ. ಒಂದರ ಕೋಲು ಕೂದಲೆಳೆಯಷ್ಟು ವಾರೆ ಎಂದು ಪಕ್ಕಕ್ಕಿಟ್ಟ. ಇನ್ನೊಂದರ ಕೋಲು ನೆಟ್ಟಗಿತ್ತು, ನುಣ್ಣಗಿತ್ತು. ಅದನ್ನು ಮೇಲೆ ಕೆಳಗೆ ಸವರಿ, "ಇದು ಕೊಡೆ ಅಂದ್ರೆ!" ಎಂದ.

ಪಾರ್ವತಮ್ಮ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು. "ಆಚಾರ್ರೆ, ಕೋಲು ಇರಾದು ಕೈಗೆ. ಗರಿ ಇರಾದು ತಲೆಗೆ. ನೆನೀಬಾರ್ದು ಅಂತ ನೀವು ಅಂದ್ಕಂಡಿರಾದು ಕೈಯೋ, ತಲೆಯೋ?"

"ತಲೆ ಕಣವ್ವ."

"ಅಂಗಾರೆ ಒಳಕ್ಕೆ ತಲೆ ಹಾಕಿ ಮ್ಯಾಲಕ್ಕೆ ನೋಡಿ."

ಸೋಮಯ್ಯ ಕೊಡೆ ಎತ್ತಿ ಒಳಗಿಂದ ನೋಡಿದ. ನುಣ್ಣನೆಯ ಕೋಲಿನ ತುದಿಯಲ್ಲಿ ನಕ್ಷತ್ರ ಮೂಡಿದ್ದವು.

"ಬೆಳಕು ಇಳಿಯೋ ಕಡೆ ನೀರೂ ಇಳೀತದೆ. ಅದು ಎಳೇ ಗರಿ, ಒಣಗ್ತಾ ಮುದುಡಿಬುಡ್ತದೆ. ಅದನ್ನ ತೋರಿಕೆಗೆ ಇಟ್ಟಿವ್ನಿ. ಕೋಲು ನೋಡಿ ತಗಳೋರು ಬರ್ತಿರ್ತಾರಲ್ಲ!"

ಪಕ್ಕದ ಕುಂಬಳಕಾಯಿಯವನು ಕಿಸಕ್ಕನೆ ನಕ್ಕ. ಸೋಮಯ್ಯನ ಕಿವಿ ಬಿಸಿಯಾಯಿತು. ಆದರೆ ಕಸುಬುದಾರನಿಗೆ ಕಸುಬುದಾರಳ ಮಾತು ಬೇಗ ನಾಟುತ್ತದೆ. ಅವನು ಮರಿಗೆ ಕೆಳಗಿಟ್ಟು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು, "ಹೇಳವ್ವ, ಹೆಂಗೆ ಆರಿಸ್ಬೇಕು? ಮೊಮ್ಮಗನ ತಲೆ ಮ್ಯಾಲೆ ಹಿಡಿಯಾದು" ಎಂದ.

ಆಮೇಲೆ ಅವಳು ಬೇರೆಯೇ ಹೆಂಗಸಾದಳು. ಒಳಗೆ ಹೋಗಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದು ಕಂದಾಗಿದ್ದ ಗರಿಯ ಕೊಡೆಯೊಂದನ್ನು ತಂದಳು. ಒಳಗೆ ನೋಡಿದರೆ ಅಮಾವಾಸ್ಯೆ. ಮೇಲೆ ಚೊಂಬು ನೀರು ಹುಯ್ದಳು. ನೀರು ಜಾರಿ ನಾಲ್ಕೂ ಕಡೆ ಒಂದೇ ಸಮ ಇಳಿಯಿತು. ತುಂಬಾ ದೊಡ್ಡ ಕೊಡೆ ಅದು. ಮಗಳು, ಮಗು, ಜೊತೆಗೆ ಅಜ್ಜನೂ ಅಡಿಯಲ್ಲಿ ಹಿಡಿಸುವಷ್ಟು.

"ಭಾರ ನೋಡ್ಬೇಕು. ಒಂದು ಕೈಲಿ ಕೂಸು ಇರ್ತದಲ್ಲ" ಎಂದು ಪಾರ್ವತಮ್ಮ ಕುಂಬಳಕಾಯಿಯವನಿಂದ ಒಂದು ಕಾಯಿ ಇಸಕೊಂಡು ಸೋಮಯ್ಯನ ಕಂಕುಳಿಗೆ ಕೊಟ್ಟಳು. ಅವನು ಒಂದು ತೋಳಿನಲ್ಲಿ ಕುಂಬಳಕಾಯಿ, ಇನ್ನೊಂದರಲ್ಲಿ ಕೊಡೆ ಹಿಡಿದು ಬೀದಿಯ ಆ ತುದಿಗೆ ಹೋಗಿ ಬಂದ. ನೋಡಿದವರೊಬ್ಬರು, "ಕಾಯಿಗೇ ದೃಷ್ಟಿ ತೆಗೀತಿದ್ದೀರಾ?" ಎಂದರು. ಸೋಮಯ್ಯನಿಗೆ ಅದು ಕೇಳಿಸಲಿಲ್ಲ. ಅವನು ತಿರುಗಿ ಬರುವಾಗ ಕಾಯಿಯನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ನಡೆಯುತ್ತಿದ್ದ.

ಎರಡೂ ಮರಿಗೆ ಕೊಟ್ಟು ಕೊಡೆ ತೆಗೆದುಕೊಂಡ. ಮೇಲೆ ಒಂದು ಮಾತೂ ಸಿಕ್ಕಿತು. "ಕೊಡೆ ಒಳ್ಳೇದು ಆಚಾರ್ರೆ. ಅದರ ಹೊಣೆ ನಂದು. ಹಿಡಿಯೋ ಕೈ ನಿಮ್ದು."

ಹರಿಗೋಲಿನಲ್ಲಿ ಹೊಳೆ ದಾಟುವಾಗ ಇಬ್ಬರು ಜೊತೆಯಾದರು. ಒಬ್ಬ, ವೀಳ್ಯದೆಲೆ ಮಾರಿ ಬರಿಗೈಯಲ್ಲಿ ಊರಿಗೆ ಹೊರಟಿದ್ದ ಹೊನ್ನಪ್ಪ. ಇನ್ನೊಬ್ಬಳು, ಬುಟ್ಟಿಯಲ್ಲಿ ಮೂರು ಕೋಳಿ ಇಟ್ಟುಕೊಂಡು ಹಿರೋಡೆಯ ಮಗಳ ಮನೆಗೆ ಹೊರಟಿದ್ದ ಮಾದಮ್ಮ. ಹೊನ್ನಪ್ಪ ಕೊಡೆಯನ್ನು ಸುತ್ತಿ ಸುತ್ತಿ ನೋಡಿ, "ಇಷ್ಟು ದೊಡ್ಡದು ಯಾಕ್ರೀ? ನಮ್ಮೂರ ಗೌಡ್ರ ಚಪ್ಪರ ಇದಕ್ಕಿಂತ ಚಿಕ್ಕದು" ಎಂದ.

ಕಿರಂಗೂರು ದಾಟುವ ಹೊತ್ತಿಗೆ ಮೊದಲ ಹನಿಗಳು ಬಿದ್ದವು. ಸೋಮಯ್ಯ ಹಿಗ್ಗಿನಿಂದ ಕೊಡೆ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

ಕವಣೆ ಕಲ್ಲು ಬೀಳುವಷ್ಟು ದೂರದಲ್ಲಿ ಮುಂದೆ ಒಂದು ಕುದುರೆ ಹೋಗುತ್ತಿತ್ತು. ಜರಿಯಂಚಿನ ಜೀನು. ಮೇಲೆ ಕೆಂಪು ರುಮಾಲಿನವರೊಬ್ಬರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಕುದುರೆ ಹೆಜ್ಜೆ ಹೆಜ್ಜೆಗೆ ಯೋಚನೆ ಮಾಡುತ್ತಾ ನಡೆಯುತ್ತಿತ್ತು.

"ಇಳ್ಸಿ, ಇಳ್ಸಿ!" ಎಂದು ಹೊನ್ನಪ್ಪ ಪಿಸುಗುಟ್ಟಿದ. "ಅಮಲ್ದಾರ್ರು ಇರಬೇಕು. ಅವರು ನೆನೀತಾ ಹೋಗ್ತಾವ್ರೆ, ಹಿಂದೆ ನೀವು ಕೊಡೆ ಹಿಡ್ಕಂಡು ಬರಾದಾ? ನಮ್ಮ ಕಡೆ ಯಾರೋ ಒಬ್ಬ ಇಂಗೇ ಹೋಗಿದ್ನಂತೆ. ಕೊಡೆ ಮುರಿಸಿ, ಅದೇ ಕೋಲಲ್ಲಿ ಬಾರ್ಸುದ್ರಂತೆ."

"ಯಾರು ಹೇಳಿದ್ದು?"

"ಎಲ್ಲಾರೂ ಹೇಳ್ತಾರೆ."

ದೊಡ್ಡವರ ಮುಂದೆ ಕೊಡೆ ಇಳಿಸಬೇಕು, ಚಪ್ಪಲಿ ಕಳಚಬೇಕು ಎಂಬುದು ಸೋಮಯ್ಯನಿಗೂ ಗೊತ್ತಿತ್ತು. ಅಪ್ಪ ಹೇಳಿಕೊಟ್ಟದ್ದು ಅದು, ಉಳಿ ಹಿಡಿಯುವುದಕ್ಕೂ ಮುಂಚೆ. ಅವನು ಕೊಡೆಯನ್ನು ತಲೆಕೆಳಗು ಮಾಡಿ ಕಂಕುಳಲ್ಲಿ ಇಟ್ಟುಕೊಂಡ. ಮಳೆ ಬಲವಾಯಿತು. ಕೊಡೆಯೊಳಗೆ ನೀರು ನಿಂತಿತು. ಹನಿ ಸೋರದ ಕೊಡೆಯಲ್ಲವೇ, ಹಿಡಿದ ನೀರನ್ನೂ ಬಿಡಲಿಲ್ಲ. ನೂರು ಹೆಜ್ಜೆ ಹೋಗುವುದರೊಳಗೆ ಸೋಮಯ್ಯ ಒಂದು ಕೊಳಗ ನೀರು ಹೊತ್ತುಕೊಂಡು ನಡೆಯುತ್ತಿದ್ದ.

"ಅಯ್ಯೋ, ಕುದುರೆ ಮುಂದಕ್ಕೆ ಹೋಗ್ಲಿ ಬುಡಿ. ಆ ಆಲದ ಮರದಡಿ ನಿಂತ್ಕಳವಾ" ಎಂದಳು ಮಾದಮ್ಮ.

ಮೂವರೂ ಮರದಡಿ ನಿಂತರು. ಮುಂದೆ ಕುದುರೆಯೂ ನಿಂತಿತು. ಕೆಂಪು ರುಮಾಲು ನಿಧಾನವಾಗಿ ಹಿಂದಕ್ಕೆ ತಿರುಗಿತು.

"ನೋಡ್ತಾವ್ರೆ!" ಹೊನ್ನಪ್ಪ ಸೋಮಯ್ಯನ ಬೆನ್ನ ಹಿಂದೆ ಸರಿದ. "ಯಾಕೆ ನಿಂತ್ರಿ ಅಂತ ಕೇಳ್ತಾವ್ರೆ ಕಣ್ರೀ. ನಡೀರಿ, ನಡೀರಿ!"

ಮೂವರೂ ಮಳೆಗೆ ಇಳಿದರು. ಇವರು ನಡೆದದ್ದೇ ಕುದುರೆಯೂ ನಡೆಯಿತು. ದಾಟಿ ಮುಂದೆ ಹೋಗೋಣವೆಂದರೆ, ಕುದುರೆ ಮೇಲೆ ಕೂತವರನ್ನು ಕಾಲುನಡಿಗೆಯವರು ದಾಟುವುದುಂಟೆ? ಹಿಂದೆ ಉಳಿಯೋಣವೆಂದರೆ ಅವರು ಬಿಡುತ್ತಿಲ್ಲ. ಹಗ್ಗ ಕಟ್ಟಿ ಎಳೆದ ಕರುಗಳ ಹಾಗೆ ಮೂವರೂ ಹಿಂದೆ ಹಿಂದೆ ಹೋದರು.

ಅಷ್ಟರಲ್ಲಿ ಬುಟ್ಟಿಯಿಂದ ಕೊಕ್ಕೊಕ್ಕೋ ಎಂಬ ಸಣ್ಣ ನರಳಿಕೆ ಬಂತು. ಮಾದಮ್ಮ ಬುಟ್ಟಿ ಇಳಿಸಿ ನೋಡಿ ಎದೆ ಬಡಿದುಕೊಂಡಳು. "ನನ್ನ ಕೋಳಿ ನಡುಗ್ತಾವೆ! ಬಾಣಂತಿ ಮಗಳಿಗೆ ಸಾರು ಮಾಡವಾ ಅಂತ ಒಯ್ತಾ ಇವ್ನಿ. ದಾರೀಲೇ ಸತ್ತೋದ್ರೆ? ಆಚಾರ್ರೆ, ಆ ಕೊಡೆ ಇವುಕ್ಕಾದ್ರೂ ಹಿಡೀರಿ."

"ಕೊಡೆ ಹಿಡಿದ್ರೆ ತಪ್ಪಾಗ್ತದಲ್ಲವ್ವಾ!"

"ಮನುಷ್ಯರ ತಲೆ ಮ್ಯಾಲೆ ಹಿಡಿದ್ರೆ ತಪ್ಪು. ಕೋಳಿಗೆ ಯಾವ ಅಮಲ್ದಾರ್ರು? ನಮ್ಮ ತಲೆಗಿಂತ ಕೆಳಗೆ ಹಿಡೀರಿ, ಅಷ್ಟೇಯಾ."

ಹೊನ್ನಪ್ಪ ಸ್ವಲ್ಪ ಯೋಚಿಸಿ, "ನ್ಯಾಯವಾಗೇ ಅದೆ" ಎಂದ.

ಹೀಗಾಗಿ ಬುಟ್ಟಿಯ ಒಂದು ಕಡೆ ಹೊನ್ನಪ್ಪ, ಒಂದು ಕಡೆ ಮಾದಮ್ಮ ಹಿಡಿದು ಮೊಣಕಾಲಿನ ಮಟ್ಟದಲ್ಲಿ ತೂಗುಹಾಕಿಕೊಂಡರು. ಸೋಮಯ್ಯ ನೀರು ಚೆಲ್ಲಿ, ಕೊಡೆ ತಿರುಗಿಸಿ, ನಡು ಬಗ್ಗಿಸಿ, ಬುಟ್ಟಿಯ ಮೇಲೆ ಹಿಡಿದ. ಪಟ್ಟಣದ ಪೇಟೆಯಲ್ಲೇ ಒಳ್ಳೆಯ ಕೊಡೆಯ ಕೆಳಗೆ ಮೂರು ಕೋಳಿ ಬೆಚ್ಚಗೆ ಕೂತವು. ಅದರ ಅಂಚಿನಿಂದ ಇಳಿದ ನೀರು ನಾಲ್ಕೂ ಕಡೆ ಒಂದೇ ಸಮನಾಗಿ ಮೂವರ ಕಾಲ ಮೇಲೆ ಬಿತ್ತು.

ಕೆಂಪು ರುಮಾಲು ಮತ್ತೊಮ್ಮೆ ಹಿಂದಕ್ಕೆ ತಿರುಗಿತು. ಈ ಸಲ ತಟ್ಟನೆ ಮುಂದಕ್ಕೆ ತಿರುಗಿ, ಬೆನ್ನು ಇನ್ನೂ ನೆಟ್ಟಗಾಯಿತು.

"ನೋಡಿದ್ರಾ?" ಎಂದಳು ಮಾದಮ್ಮ. "ಅವರೂ ಒಪ್ಪಿದ್ರು."

ಒಂದು ಹರದಾರಿ ಹೀಗೆ ನಡೆದರು. ಸೋಮಯ್ಯನ ಸೊಂಟ ಬಿಲ್ಲಾಯಿತು. ದಾರಿಯುದ್ದಕ್ಕೂ ಅವನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ನೆಂದರೆ ನೆಂದೆ, ಕೊಡೆ ಚೆನ್ನಾಗಿದೆ. ನಾಳೆ ಬೆಳಗ್ಗೆ ಹೊರಟರೆ ಮೂರನೇ ತಿಂಗಳು ಮುಗಿಯುವುದರೊಳಗೆ ಮನೆ. ಸಂಜೆಗೆ ತೊಟ್ಟಿಲು ತುಂಬುತ್ತದೆ.

ಹಿರೋಡೆ ಬಂತು. ಅಮಲ್ದಾರರಾದರೆ ಸುಲ್ತಾನರ ಪರಂಗಿ ದಂಡು ಇಳಿದಿದ್ದ ಪಾಳ್ಯದ ಕಡೆಗೆ ತಿರುಗಬೇಕಿತ್ತು, ಕುದುರೆ ಅತ್ತ ತಿರುಗಲಿಲ್ಲ. ಕಮ್ಮಾರರ ಬೀದಿಗೆ ಬಂತು. ಸೋಮಯ್ಯ ಹೋಗಬೇಕಾದದ್ದೂ ಅದೇ ಬೀದಿಗೆ. ಚೆಲುವಮ್ಮನ ಮನೆ ಮುಂದೆ ಕುದುರೆ ನಿಂತಿತು. ಸೋಮಯ್ಯ ಕೊಡೆಯ ಕೋಲನ್ನು ಬಿಗಿಯಾಗಿ ಹಿಡಿದುಕೊಂಡ. ಬೀಗಿತ್ತಿ ಮನೆ ಬಾಗಿಲಲ್ಲೇ, ಮಗಳ ಮುಂದೆಯೇ ಕೊಡೆ ಮುರಿಸುತ್ತಾರೆ!

ಕೆಂಪು ರುಮಾಲಿನವನು ಕುದುರೆಯಿಂದ ಜಾರಿ ಇಳಿದು, ಕೈ ಮುಗಿದು, ತಲೆ ತಗ್ಗಿಸಿಕೊಂಡೇ ಓಡಿ ಬಂದ. "ತಪ್ಪಾಯ್ತು ಸ್ವಾಮಿ! ಕುದುರೆ ಹತ್ತಬ್ಯಾಡ ಅಂದಿದ್ರು, ಹತ್ತಿಬುಟ್ಟೆ. ಕಾಲು ನೋಯ್ತಿತ್ತು. ದಣಿಗಳ ಕಿವಿಗೆ ಹಾಕ್ಬ್ಯಾಡಿ!"

ಸೋಮಯ್ಯನೂ ಕೈ ಮುಗಿಯಲು ಹೋದ; ಕೈಯಲ್ಲಿ ಕೊಡೆ ಇತ್ತು. ಬಗ್ಗಿದ ಎರಡು ತಲೆಗಳು ಕೊಡೆಯ ಅಂಚಿನಲ್ಲಿ ಢಿಕ್ಕಿ ಹೊಡೆದವು. ಇಬ್ಬರೂ ತಲೆ ಎತ್ತಿದರು.

"ಮಾವ?"

"ವೀರಾಚಾರಿ?"

ಅಳಿಯ. ಕೋಟೆಯ ಲಾಯದಲ್ಲಿ ಕುದುರೆಗಳಿಗೆ ಲಾಳ ಕಟ್ಟುವ ಅಳಿಯ ವೀರಾಚಾರಿ! ಪಾಳ್ಯದಲ್ಲಿದ್ದ ಯಾರೋ ಸರದಾರರ ಕುದುರೆ ಕುಂಟುತ್ತಿತ್ತಂತೆ. ಲಾಳ ಬದಲಾಯಿಸಿ, ನಡೆಸಿಕೊಂಡು ಬಾ ಎಂದಿದ್ದರಂತೆ. ಮನೆಗೆ ಬಂದು ತಲೆ ಒರೆಸಿಕೊಂಡು ಕುದುರೆ ಒಪ್ಪಿಸೋಣ ಅಂದುಕೊಂಡಿದ್ದ.

"ನಿನ್ನ ಮನೆ ಕಾಯ್ವೋಗ!" ಎಂದ ಸೋಮಯ್ಯ. ಅಳಿಯನಿಗೆ ಹಾಗೆ ಅನ್ನಬಾರದು, ಬಾಯಿಗೆ ಬಂದುಬಿಟ್ಟಿತು. "ಮತ್ತೆ ಯಾಕಪ್ಪ ಹಿಂದಕ್ಕೆ ನೋಡ್ತಿದ್ದೆ? ಯಾಕೆ ನಿಂತೆ?"

"ಅಲ್ಲಾ ಮಾವ, ಅಷ್ಟು ದೊಡ್ಡ ಕೊಡೆ! ಅಂಥ ಮಳೇಲಿ ಕೈಲಿ ಇಟ್ಕಂಡೂ ಹಿಡ್ಕಳ್ತಿಲ್ಲ. ಅಂದ್ರೆ ಕೊಡೆ ಹೊತ್ತೋನ್ದಲ್ಲ, ಹಿಂದೆ ಯಾರದೋ ಪಲ್ಲಕ್ಕಿ ಬರ್ತಾ ಅದೆ ಅಂದ್ಕಂಡೆ. ದಾಟಿ ಹೋಗ್ಲಿ ಅಂತ ನಿಂತೆ, ನೀವೂ ನಿಂತ್ಬುಟ್ರಿ. ಆಮೇಲೆ ನೋಡಿದ್ರೆ, ಮೂರು ಜನ ತಾವು ನೆಂದ್ಕಂಡು ಒಂದು ಬುಟ್ಟೀನ ಕೊಡೆ ಹಿಡ್ದು ತರ್ತಾವ್ರೆ! ಅರಮನೆಗೆ ಸೇರಿದ್ದೇ ಇರಬೇಕು ಅಂತ ಜೀವ ಬಾಯಿಗೆ ಬಂತು. ಇಳಿದ್ರೆ ಲಾಯದೋನು ಅಂತ ಗೊತ್ತಾಗ್ತದೆ. ಕಂಬಳಿ ಹೊದ್ರೂ ಗೊತ್ತಾಗ್ತದೆ. ಅದಕ್ಕೆ ದಣಿ ಥರಾ ಸೆಟೆದು ಕೂತಿದ್ದೆ."

ಅವನ ಜೀನಿನ ಕೆಳಗೆ ಕಂಬಳಿ ಮಡಿಸಿದ್ದು ಮಡಿಸಿದಂತೆ ಬೆಚ್ಚಗಿತ್ತು.

ಬಾಗಿಲಲ್ಲಿ ಚೆಲುವಮ್ಮ ಸೊಂಟಕ್ಕೆ ಕೈಯಿಟ್ಟು ಎಲ್ಲ ಕೇಳುತ್ತಾ ನಿಂತಿದ್ದಳು. ಅವಳ ಹಿಂದೆ ಕಾಳಮ್ಮ, ತೋಳಲ್ಲಿ ಮಗು. ಸೋಮಯ್ಯ ಎಲ್ಲ ಮರೆತು ಎರಡು ಹೆಜ್ಜೆ ಮುಂದಿಟ್ಟು ಕೈ ಚಾಚಿದ.

"ಒದ್ದೆ ಕೈಲಿ ಮುಟ್ಬ್ಯಾಡಿ ಬೀಗ್ರೆ" ಎಂದಳು ಚೆಲುವಮ್ಮ. "ಮೊದ್ಲು ಕೊಡೆ ವಿಚಾರ. ಕೊಡೆ ತಂದೋರು ಇಷ್ಟು ನೆಂದವ್ರೆ ಅಂದ್ರೆ ಅದು ಎಂಥ ಕೊಡೆ?"

"ಅಯ್ಯೋ, ಕೊಡೆ ಮ್ಯಾಲೆ ಮಾತಾಡಂಗಿಲ್ಲ ಕಣವ್ವ!" ಎಂದು ಮಾದಮ್ಮ ಬುಟ್ಟಿ ತಂದು ಜಗಲಿಯ ಮೇಲೆ ಇಟ್ಟು ಮುಚ್ಚಳ ತೆಗೆದಳು. ಚೆಲುವಮ್ಮ ಒಂದು ಕೋಳಿ ಎತ್ತಿ ರೆಕ್ಕೆ ಬಿಡಿಸಿ ನೋಡಿದಳು. ಇನ್ನೊಂದರ ಬೆನ್ನು ಸವರಿದಳು. ಮೂರನೆಯದು ನಿದ್ದೆ ಮಾಡುತ್ತಿತ್ತು.

"ಒಂದು ಗರಿ ನೆಂದಿಲ್ಲ" ಎಂದಳು. ಕೊಡೆ ಎತ್ತಿ ಒಳಗಿಂದಲೂ ನೋಡಿದಳು. ಬೆರಳಲ್ಲಿ ಮೀಟಿದಳು. "ಹೊಗೆ ಕುಡ್ದ ಗರಿ. ಬೀಗ್ರೆ, ಸುಳ್ಳು ಯಾಕೆ ಹೇಳ್ಲಿ, ಇಂಥ ಕೊಡೆ ನಾನು ಕಂಡಿಲ್ಲ. ಒಪ್ಪಿದೆ."

ಸೋಮಯ್ಯನ ಮುಖದಲ್ಲಿ ಮಳೆನೀರಿನ ಜೊತೆ ಬೇರೆ ನೀರೂ ಇಳಿಯಿತು. ಕಾಳಮ್ಮ ಮಗುವಿನ ಕಿವಿಯಲ್ಲಿ, "ನಾಳೀಕೆ ಅಜ್ಜನ ಮನೆಗೆ ಹೋಗಾದು" ಎಂದಳು.

"ತಡಿಯವ್ವ" ಎಂದಳು ಚೆಲುವಮ್ಮ. ದನಿ ಈಗ ಒರಟಾಗಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಬೀಗ್ರೆ, ನಾಳೆ ನಾಗಮಂಗಲದ ದಾರೀಲಿ ಮಳೆ ಬಂತು ಅನ್ನಿ. ಮೊಮ್ಮಗ ನಿಮ್ಮ ಕೊಡೆ ಕೆಳಗೆ ಅವ್ನೆ. ಮುಂದ್ಗಡೆ ಒಂದು ಕುದುರೆ ಹೋಗ್ತಾ ಅದೆ. ಆಗ ಏನ್ಮಾಡ್ತೀರಿ?"

ಸೋಮಯ್ಯ ಬೀದಿಯಲ್ಲಿದ್ದ ಕುದುರೆಯ ಕಡೆ ನೋಡಿದ.

"ಇಳ್ಸಲ್ಲ ಅಂತ ಹೇಳಿ. ಈಗ್ಲೇ ಬಟ್ಟೆ ಗಂಟು ಕಟ್ಟಿಸ್ತೀನಿ."

ಸೋಮಯ್ಯ ಚೆಲುವಮ್ಮನ ಕೈಯಿಂದ ಕೊಡೆ ತೆಗೆದುಕೊಂಡ. ಅಂಗಳದ ನಡುವೆ ಮಳೆಯಲ್ಲಿ ನಿಂತು, ಬೆಳಗಿನಿಂದ ಮೊದಲ ಸಲ, ಅದನ್ನು ತನ್ನ ತಲೆಯ ಮೇಲೆ ಎತ್ತಿ ಹಿಡಿದ. ಎಷ್ಟು ಚೆನ್ನಾಗಿತ್ತು! ಮಳೆಯ ಸದ್ದೆಲ್ಲ ಎಲ್ಲೋ ದೂರಕ್ಕೆ ಹೋದಂತಾಯಿತು. ಎದೆಯುಬ್ಬಿಸಿ, "ಯಾವ ದೊರೆ ಬಂದ್ರೂ ನನ್ನ ಮೊಮ್ಮಗನ ತಲೆ ಮ್ಯಾಲಿಂದ ಈ ಕೊಡೇನ..." ಎಂದ.

ಹಿಂದೆ ಬೀದಿಯಲ್ಲಿ ನಿಂತಿದ್ದ ಕುದುರೆ ಗಟ್ಟಿಯಾಗಿ ಕೆನೆಯಿತು.

ಎಲ್ಲರೂ ನೋಡುತ್ತಿದ್ದರು, ಸೋಮಯ್ಯನೂ ನೋಡಿದ. ಕೊಡೆ ಅವನ ಮೊಣಕಾಲ ಹತ್ತಿರ ಇತ್ತು. ಯಾವಾಗ ಇಳಿಯಿತೋ ಅವನಿಗೇ ತಿಳಿಯದು. ಮಳೆ ನೆತ್ತಿಯ ಮೇಲೆ ಬೀಳುತ್ತಿತ್ತು.

ಯಾರೂ ನಗಲಿಲ್ಲ. ಹೊನ್ನಪ್ಪನ ಕೈಗಳು ಕೂಡ ತಾವಾಗಿ ಮುಗಿದುಕೊಂಡಿದ್ದವು. ಅವನು ಅವನ್ನು ಮೆಲ್ಲಗೆ ಬಿಡಿಸಿ ಬೆನ್ನ ಹಿಂದೆ ಇಟ್ಟುಕೊಂಡ.

"ತಪ್ಪು ತಿಳೀಬ್ಯಾಡಿ" ಎಂದಳು ಚೆಲುವಮ್ಮ, ಸೋಮಯ್ಯನ ಕೈಗೆ ಒಣ ಬಟ್ಟೆ ಕೊಡುತ್ತಾ. "ನನ್ನ ಮಗನೂ ಅಂಥೋನೇ. ಒಬ್ಬರತ್ರ ಕೊಡೆ, ಒಬ್ಬರತ್ರ ಕಂಬಳಿ. ನೆನೀದೆ ಬಂದದ್ದು ಕೋಳಿ. ಐದನೇ ತಿಂಗಳಲ್ಲಿ ನಾನೇ ಕರ್ಕಂಬತ್ತೀನಿ. ಆಗ ಮಳೆ ಇರಕಿಲ್ಲ. ಕೊಡೆ ಇಲ್ಲೇ ಇರ್ಲಿ, ಮಗೀನ ಜೊತೇಲೇ ಬರ್ತದೆ."

ರಾತ್ರಿ ಮೈ ಒಣಗಿದ ಮೇಲೆ ಸೋಮಯ್ಯನಿಗೆ ಮಗುವನ್ನು ತೊಡೆಯ ಮೇಲೆ ಕೊಟ್ಟರು. ಕುಂಬಳಕಾಯಿಗಿಂತ ಹಗುರವಾಗಿತ್ತು.

ಮರುದಿನ ಅವನು ಒಬ್ಬನೇ ಹೊರಟ. ಕೊಡೆ ಹಿರೋಡೆಯ ಜಗಲಿಯಲ್ಲಿ ಉಳಿಯಿತು. ಚಿತ್ತೆ ಮಳೆ ಊರಿನ ತನಕ ಬಿಡದೆ ಜೊತೆಗೆ ಬಂತು. ದಾರಿಯುದ್ದಕ್ಕೂ ಒಂದೇ ಒಂದು ಕುದುರೆ ಎದುರಾಗಲಿಲ್ಲ.

ವರಲಕ್ಷ್ಮಮ್ಮ ತೊಟ್ಟಿಲಿಗೆ ಹಳೇ ಸೀರೆ ಹಾಸಿ, ನಾಲ್ಕು ಗಿಳಿಗಳಿಗೂ ಎಣ್ಣೆ ಸವರಿ ಬಾಗಿಲಲ್ಲಿ ಕಾಯುತ್ತಿದ್ದಳು. ಗಂಡನ ಹಿಂದೆ ನೋಡಿದಳು, ಯಾರೂ ಇಲ್ಲ. ಕೈ ನೋಡಿದಳು, ಏನೂ ಇಲ್ಲ. ತಲೆಯಿಂದ ಕಾಲಿನವರೆಗೆ ಇಳಿಯುತ್ತಿದ್ದ ನೀರು ನೋಡಿದಳು.

"ಕೊಡೆ ಚೆನ್ನಾಗಿರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದಳು.

ಸೋಮಯ್ಯ ಬರಿದಾದ ತೊಟ್ಟಿಲನ್ನು ಒಂದು ಸಲ ತೂಗಿ ಬಿಟ್ಟು, ಅದು ನಿಲ್ಲುವ ತನಕ ನೋಡುತ್ತಾ ನಿಂತ.

"ಬಾಳ ಚೆನ್ನಾಗಿತ್ತು ಕಣೆ" ಎಂದ. "ಕೋಳಿ ಒಂದು ಗರಿ ನೆನೀಲಿಲ್ಲ."